ಬೆನ್ನ ಮೇಲೆ ಅರ್ಧ ಹೆಸರು

ಆಮ್‌ಸ್ಟರ್‌ಡ್ಯಾಮಿನ ಕಿಟಕಿ

ವಿಮಾನ ಇಳಿದು ಕಾಲಿನ ಜೋಮು ಇನ್ನೂ ಬಿಟ್ಟಿರಲಿಲ್ಲ, ಆಗಲೇ ನನಗೆ ಸಿಟ್ಟು ಬಂದಿತ್ತು. ಸಿಟ್ಟು ನನಗೆ ಹೊಸದಲ್ಲ. ಮೊದಲು ಕುರುಗೋಡಿನ ಹೈಸ್ಕೂಲಿನಲ್ಲಿ, ಆಮೇಲೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ, ಬಿಸಿಲಿಗೆ ಮುಖ ಕೊಟ್ಟು ಸೀಟಿ ಊದಿದ ಡ್ರಿಲ್ ಟೀಚರು ನಾನು. ಮಕ್ಕಳು ನನಗೆ ‘ಮೆಣಸಿನಕಾಯಿ ಮೇಡಂ’ ಎಂದು ಹೆಸರಿಟ್ಟಿದ್ದಾರೆ. ಅದು ನನಗೆ ಗೊತ್ತಿಲ್ಲ ಎಂದು ತಿಳಿದಿದ್ದಾರೆ.

ನನ್ನ ಜೊತೆಯಲ್ಲಿದ್ದವಳು ದುರುಗಮ್ಮ, ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವವಳು. ಆಕೆಯ ಮಗಳು ಹುಲಿಗೆಮ್ಮ ಭಾರತದ ಕಿರಿಯರ ಹಾಕಿ ತಂಡಕ್ಕೆ ಆಯ್ಕೆಯಾಗಿ ನಮಗಿಂತ ಮೊದಲೇ ನೆದರ್ಲೆಂಡ್ಸಿಗೆ ಬಂದು ಕೂತಿದ್ದಳು. ಮಗಳ ಮೊದಲ ವಿದೇಶಿ ಪಂದ್ಯ ನೋಡಲು ತಾಯಿ, ತಾಯಿಗೆ ದಾರಿ ತೋರಿಸಲು ನಾನು. ಟಿಕೆಟ್ಟು ಹೇಗೆ ಬಂತು ಎಂದು ಕೇಳಬೇಡಿ. ಅದಕ್ಕೆ ತಾವೇ ಕಾರಣ ಎಂದು ಹೇಳಿಕೊಳ್ಳುವವರು ಊರಿನಲ್ಲಿ ಈಗಾಗಲೇ ಸಾಕಷ್ಟು ಜನ ಇದ್ದಾರೆ.

ಪಾಸ್‌ಪೋರ್ಟ್ ನೋಡುವ ಕಿಟಕಿಯ ಹಿಂದೆ ಒಬ್ಬ ಎಳೆಯ ಅಧಿಕಾರಿ. ಯಾಕೆ ಬಂದಿರಿ ಎಂದು ಕೇಳಿದ. ನಾನು ಆಹ್ವಾನದ ಕಾಗದ ತೋರಿಸಿದೆ. ಮಗಳ ಹೆಸರಿನ ಹತ್ತಿರ ಬಂದು ಅವನು ಸ್ವಲ್ಪ ನಿಂತ. ಆಮೇಲೆ ಧೈರ್ಯ ಮಾಡಿ ಓದಿದ: “ಹ್ಯೂಲಿ ಖ್ಖೆಮ್ಮಾ.”

ಡಚ್ಚರ ಬಾಯಲ್ಲಿ ಗಕಾರ ನಮ್ಮ ಗಕಾರದಂತೆ ಬರುವುದಿಲ್ಲ. ಗಂಟಲಿನ ತಳದಿಂದ ಕಫ ಎಳೆದಂತೆ ಬರುತ್ತದೆ. ಅದು ಆಗ ನನಗೂ ಗೊತ್ತಿರಲಿಲ್ಲ. ದುರುಗಮ್ಮ ಅವನ ಮುಖವನ್ನೇ ನೋಡಿ ಕನಿಕರಪಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲ ಬಿಚ್ಚಿ, ಒಣಶುಂಠಿಯ ಒಂದು ಚೂರನ್ನು ಗಾಜಿನ ಕೆಳಗಿನ ಕಿಂಡಿಯಲ್ಲಿ ತಳ್ಳಿದಳು.

“ಪಾಪ, ಕೆಮ್ಮು ಹಿಡದೈತಿ. ದವಡ್ಯಾಗ ಇಟ್ಕೊಳ್ಳಪಾ, ಬಿಡತೈತಿ.”

ಅವನು ಆ ಚೂರನ್ನು ಎರಡು ಬೆರಳಿನಲ್ಲಿ ಹಿಡಿದು, ಮೂಸಿ, ಇನ್ನೊಬ್ಬನನ್ನು ಕರೆದ. ಇನ್ನೊಬ್ಬ ಮೂಸಿದ. ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು. ಶುಂಠಿ ಎಂದರೇನು, ಅದನ್ನು ಒಬ್ಬ ಸರಕಾರಿ ಅಧಿಕಾರಿಗೆ ಯಾಕೆ ಕೊಡಬೇಕು ಎಂದು ನಾನು ಅರ್ಧಂಬರ್ಧ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನಮ್ಮ ಹಿಂದಿನ ಸಾಲೆಲ್ಲ ಖಾಲಿಯಾಗಿತ್ತು. ನನಗೆ ಸಿಟ್ಟು ಬಂದದ್ದು ಆ ಹುಡುಗನ ಮೇಲಲ್ಲ. ಅವನು ಕಾಗದದಲ್ಲಿ ಇದ್ದದ್ದನ್ನು ಓದಿದ, ಅಷ್ಟೇ. ಸಿಟ್ಟು ಬಂದದ್ದು ಕಾಗದದಲ್ಲಿ ಹಾಗೆ ಬರೆಸಿದವರ ಮೇಲೆ.

ನಮ್ಮ ಕಡೆ ಸರ್‌ನೇಮ್ ಎಂಬ ಪದ್ಧತಿ ಎಲ್ಲರಿಗೂ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಾವು. ಹುಡುಗಿಯ ಪಾಸ್‌ಪೋರ್ಟಿಗೆ ಅರ್ಜಿ ತುಂಬಿದ ಬ್ರೌಸಿಂಗ್ ಸೆಂಟರಿನ ಮಹಾಶಯ, ಖಾನೆ ಖಾಲಿ ಬಿಟ್ಟರೆ ಮುಂದೆ ವೀಸಾಕ್ಕೆ ತೊಂದರೆ ಎಂದು ತಾನೇ ಯೋಚಿಸಿ, ತಾನೇ ನಿರ್ಧರಿಸಿ, ಹೆಸರನ್ನು ಸೌತೆಕಾಯಿಯ ಹಾಗೆ ಎರಡು ತುಂಡು ಮಾಡಿದ. ‘ಹುಲಿ’ ಒಂದು ಖಾನೆಗೆ, ‘ಗೆಮ್ಮ’ ಇನ್ನೊಂದಕ್ಕೆ. ಹುಲಿಗಿ ಎಂಬ ಊರಿನ ದೇವಿ, ಹುಲಿಗಿಯ ಅಮ್ಮ ಹುಲಿಗೆಮ್ಮ. ಕತ್ತರಿಸಲೇಬೇಕಾಗಿದ್ದರೆ ಸಂಧಿ ನೋಡಿಯಾದರೂ ಕತ್ತರಿಸಬಾರದಿತ್ತೇ? ಕುರಿ ಕಡಿಯುವವನು ಕೂಡ ಕೀಲು ನೋಡಿ ಕಡಿಯುತ್ತಾನೆ.

ಇದು ಬರೀ ಹೆಸರಾಗಿದ್ದರೆ ನಾನು ಇಷ್ಟು ಹಾರಾಡುತ್ತಿರಲಿಲ್ಲ. ಹುಟ್ಟಿದ ಕೂಸು ಹಾಲು ಹಿಡಿಯದೆ ನೀಲಿಗಟ್ಟಿದಾಗ ದುರುಗಮ್ಮ ಹೊಳೆಯಾಚೆಯ ಹುಲಿಗಿಗೆ ಹೋಗಿ, ಕೂಸು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು ಸೆರಗೊಡ್ಡಿ ಬಂದಿದ್ದಳು. ಕೂಸು ಉಳಿಯಿತು. ಹರಕೆಯ ಹೆಸರನ್ನು ಮುರಿದು ಕರೆಯಬಾರದು ಎಂಬುದು ಆಕೆಯ ನಂಬಿಕೆ. ವಿಮಾನದಲ್ಲಿ ಕೂತಾಗ ಆಕೆ ನನ್ನ ಹತ್ತಿರ ಆಸೆಪಟ್ಟು ಹೇಳಿದ್ದು ಒಂದೇ ಮಾತು.

“ಮೇಡಂ, ಆಕಿ ಗೆಲ್ಲಲಿ, ಸೋಲಲಿ. ಆ ದೇಶದಾಗ ಮೈಕಿನಾಗ ಒಂದ್ಸಲ ಹುಲಿಗೆಮ್ಮ ಅಂತ ಒದರ್ಬೇಕ್ರಿ. ನಾ ಕೇಳ್ಬೇಕು. ಅಷ್ಟ.”

ಮರೈಕಳ ಮನೆ

ನಾವು ಉಳಿದ ಊರಿನ ಹೆಸರನ್ನು ನಾನು ನೋಡಿ ಬರೆಯಬಲ್ಲೆ, ಹೇಳಲಾರೆ. ಹಾಗಾಗಿ ಬರೆಯುವುದೂ ಬೇಡ. ಅಲ್ಲಿನ ಹಾಕಿ ಕ್ಲಬ್ಬಿನಲ್ಲಿ ಚಹಾ ಕಾಸುವುದರಿಂದ ಹಿಡಿದು ಗೇಟು ಕಾಯುವುದರ ತನಕ ಎಲ್ಲ ಊರಿನವರೇ ಬಂದು ಪುಕ್ಕಟೆ ಮಾಡುತ್ತಾರೆ. ಅಂಥವರಲ್ಲಿ ಒಬ್ಬಳು ಮರೈಕ. ಎಪ್ಪತ್ತು ದಾಟಿದ ಉದ್ದನೆಯ ಹೆಂಗಸು, ಸೈಕಲ್ಲಿನ ಮೇಲೆ ಬಂದಳು, ನಮ್ಮ ಎರಡು ಚೀಲ ಸೈಕಲ್ಲಿಗೆ ನೇತುಹಾಕಿದಳು, ತಾನು ತಳ್ಳಿಕೊಂಡು ಮುಂದೆ, ನಾವು ಹಿಂದೆ.

ಮನೆಯ ದೊಡ್ಡ ಕಿಟಕಿಗೆ ಪರದೆಯೇ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ನಾವು ಕೂತದ್ದು, ಆಕಳಿಸಿದ್ದು ಎಲ್ಲ ಕಾಣುತ್ತದೆ. ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಯಲ್ಲಿ ಕಿಟಕಿಗೆ ಕಬ್ಬಿಣದ ಸರಳು, ಜಾಲರಿ, ಪರದೆ ಇಷ್ಟೂ ಇವೆ. ಆದರೂ ಎದುರು ಮನೆಯವರಿಗೆ ನಮ್ಮ ಮನೆಯ ಸಾರಿನ ರುಚಿಯೂ ಗೊತ್ತು. ಇಲ್ಲಿ ಎಲ್ಲವೂ ಬಟಾಬಯಲು, ಯಾರೂ ತಿರುಗಿ ನೋಡುವುದಿಲ್ಲ.

ಮರೈಕ ಕಾಫಿ ಕೊಟ್ಟಳು. ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದಳು. ನಾವು ಒಂದೊಂದು ತೆಗೆದುಕೊಂಡೆವು. ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿ ಕಪಾಟಿನೊಳಗೆ ಹೋಯಿತು.

“ಒಂದ ಬಿಸ್ಕೀಟಾ?” ದುರುಗಮ್ಮ ಮುಚ್ಚಿದ ಕಪಾಟನ್ನೇ ನೋಡಿದಳು. “ನಾವೇನು ಕದ್ದು ಒಯ್ತಿದ್ವೇನ್ರಿ?”

“ಇಲ್ಲಿ ಪದ್ಧತಿ ಹಂಗ ಐತಂತ. ಸುಮ್ನಿರ್ರಿ.”

“ನಮ್ಮ ಮಿಲ್ಲಿನ ಸಾವ್ಕಾರನ ವಾಸಿ. ಅವ ಬೈದು ಎರಡು ಕೊಡ್ತಾನ.”

ಆಕೆಗೆ ಮರೈಕ ಎಂಬ ಹೆಸರು ಮೊದಲ ಸಲವೇ ಬಾಯಲ್ಲಿ ನಿಲ್ಲಲಿಲ್ಲ. ಎರಡನೆಯ ಸಲಕ್ಕೆ ಅದು ‘ಮಾರೆಕ್ಕ’ ಆಯಿತು. ನನಗೆ ನಾಚಿಕೆಯಾಗಿ, ನಮ್ಮ ಹೆಸರು ಕೆಡಿಸಿದರು ಎಂದು ನಾವೇ ಒದರಾಡುತ್ತಿದ್ದೇವೆ, ನೀವು ಅವರ ಹೆಸರು ಕೆಡಿಸಬಹುದೇ ಎಂದು ಗದರಿದೆ. ಮರೈಕ ನಡುವೆ ಬಂದು ಏನು ವಿಷಯ ಎಂದಳು. ಹೇಳಿದೆ. ಮಾರೆಕ್ಕ ಎಂದರೆ ಏನು ಎಂದಳು. ಮಾರೆಮ್ಮ ಎಂದರೆ ಊರು ಕಾಯುವ ದೇವಿ, ಅಕ್ಕ ಎಂದರೆ ಅಕ್ಕ ಎಂದು ಹೇಳಿದೆ. ಆಕೆ ಬಿದ್ದು ಬಿದ್ದು ನಕ್ಕು, ನನಗೆ ಇದೇ ಇರಲಿ ಎಂದಳು. ಅವತ್ತಿನಿಂದ ‘ಮಾರೆಕ್ಕಾ’ ಎಂದು ದುರುಗಮ್ಮ ಕರೆದರೆ ಮಹಡಿಯ ಮೇಲಿಂದ ‘ಯಾ’ ಎಂದು ಉತ್ತರ ಬರುತ್ತಿತ್ತು.

“ನೋಡ್ರಿ ಮತ್ತ. ನಾ ಆಕೀನ ಕೇಳಿ ಕರದೆ, ಆಕಿ ಹೂಂ ಅಂದ್ಲು. ನಮ್ಮುಡುಗಿ ಹೆಸರು ಹರಿಯಾಕ ಯಾರು ಯಾರನ್ನ ಕೇಳ್ಯಾರ?” ಎಂದಳು ದುರುಗಮ್ಮ.

ನೀರು ಕುಡಿಯುವ ಮೈದಾನ

ಮೊದಲ ಪಂದ್ಯದ ದಿನ ನಾವು ಬೇಗ ಹೋಗಿ ಕೂತೆವು. ಆಟಕ್ಕೆ ಮೊದಲು ಮೈದಾನದ ಸುತ್ತ ಪೈಪುಗಳು ಎದ್ದು ನಿಂತು, ಆ ನೀಲಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಧೋ ಎಂದು ನೀರು ಸುರಿಯತೊಡಗಿದವು. ಚೆಂಡು ಜಾರಿ ಓಡಲಿ ಎಂದು ಹಾಗೆ ಮಾಡುತ್ತಾರೆ. ನನಗೆ ಗೊತ್ತಿದ್ದ ವಿಷಯವೇ. ಆದರೂ ಕಣ್ಣಾರೆ ಕಂಡಾಗ ಹೊಟ್ಟೆ ಉರಿಯಿತು.

“ಇದು ಬೆಳಿತೈತೇನ್ರಿ?” ದುರುಗಮ್ಮ ಕೇಳಿದಳು.

“ಇಲ್ಲ. ಪ್ಲಾಸ್ಟಿಕ್ಕು.”

“ನಮ್ಮ ಕಡಿ ಕಾಲುವಿ ನೀರು ಬಿಡೋ ಲಸ್ಕರ್ ಇಲ್ಲಿ ಇದ್ದಿದ್ರ ಹೊಡದಾಟ ಆಗ್ತಿತ್ತು,” ಎಂದಳು.

ಕುರುಗೋಡಿನ ನಮ್ಮ ಶಾಲೆಯ ಮೈದಾನ ನೆನಪಾಯಿತು. ಸುಗ್ಗಿಯಲ್ಲಿ ಅದು ಮೈದಾನವೇ ಅಲ್ಲ. ತುದಿಯಿಂದ ತುದಿಗೆ ಕೆಂಪು ಮೆಣಸಿನಕಾಯಿ ಹರಡಿರುತ್ತಿತ್ತು. ಸೋದರಮಾವನ ಮನೆಯಲ್ಲಿ ಇದ್ದು ಓದುತ್ತಿದ್ದ ಹುಲಿಗೆಮ್ಮ, ನಾನು ಸ್ಟೋರ್ ರೂಮಿನಿಂದ ತೆಗೆದುಕೊಟ್ಟ ಗೆದ್ದಲು ಹಿಡಿದ ಸ್ಟಿಕ್ಕನ್ನು ಹಿಡಿದು, ಮೆಣಸಿನಕಾಯಿ ರಾಶಿಗಳ ನಡುವಿನ ಸಂದಿಗಳಲ್ಲಿ ಚೆಂಡು ಒಯ್ಯುತ್ತಿದ್ದಳು. ಚೆಂಡು ರಾಶಿಗೆ ತಾಗಿದರೆ ಕಾಯಲು ಕೂತವರು ಕಲ್ಲು ಬೀಸುತ್ತಿದ್ದರು. ಘಾಟಿಗೆ ಕೆಮ್ಮುತ್ತ, ಸೀನುತ್ತ, ಕಣ್ಣೀರು ಒರೆಸುತ್ತ ಆಡಿದಳು. ಚೆಂಡನ್ನು ಕಾಲಬುಡದಲ್ಲೇ ಇಟ್ಟುಕೊಂಡು ತಿರುಗುವ ಆಕೆಯ ವಿದ್ಯೆಯನ್ನು ಈಗ ಎಲ್ಲರೂ ಹೊಗಳುತ್ತಾರೆ. ಅದನ್ನು ನಾನು ಕಲಿಸಲಿಲ್ಲ. ಮೆಣಸಿನಕಾಯಿ ಕಲಿಸಿತು.

ಎರಡೂ ತಂಡಗಳು ಸಾಲಾಗಿ ನಿಂತವು. ಮೈಕಿನಲ್ಲಿ ಎಲ್ಲ ಆಟಗಾರ್ತಿಯರ ಹೆಸರು ಓದತೊಡಗಿದರು. ದುರುಗಮ್ಮ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಕೂತಳು. ಹೆಸರುಗಳು ಒಂದಾದ ಮೇಲೊಂದು ಹೋದವು. ಕೊನೆಗೆ ಅದೇ ಕಫದ ಸದ್ದು: “ಹ್ಯೂಲಿ ಖ್ಖೆಮ್ಮಾ.” ಹುಡುಗಿ ಕೈ ಎತ್ತಿದಳು. ಜನ ಚಪ್ಪಾಳೆ ತಟ್ಟಿದರು. ದುರುಗಮ್ಮ ತಟ್ಟಲಿಲ್ಲ. ಇನ್ನೂ ಕಿವಿ ಕೊಟ್ಟು ಕೂತಿದ್ದಳು.

“ನಮ್ಮುಡುಗೀದು ಯಾವಾಗ ಬರತೈತ್ರಿ?”

ನಾನು ಬಂತು ಎಂದು ಹೇಳಲಿಲ್ಲ. ಆಗ ಹುಡುಗಿ ಬೆಂಚಿನ ಕಡೆ ತಿರುಗಿದಳು, ಬೆನ್ನು ಕಂಡಿತು. ದುರುಗಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬೆನ್ನಿನ ಮೇಲೆ ಏನು ಬರೆದಿದೆ ಎಂದು ಕೇಳಿದಳು. ‘ಗೆಮ್ಮ’ ಎಂದೆ.

“ಹುಲಿ ಎಲ್ಲಿ ಹೋತ್ರಿ?”

ಆ ಪ್ರಶ್ನೆ ಕೇಳಿ ನನ್ನ ತಲೆಗೆ ರಕ್ತ ಏರಿತು. ಪಂದ್ಯದ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಹುಡುಗಿಯನ್ನು ಬಹಳ ಹೊತ್ತು ಬೆಂಚಿನ ಮೇಲೇ ಕೂರಿಸಿದರು, ಆಗೀಗ ಬದಲಿಯಾಗಿ ಇಳಿಸಿದರು, ನಮ್ಮವರು ಹೇಗೋ ಸಮಬಲ ಮಾಡಿಕೊಂಡರು. ಮುಗಿಯುತ್ತಲೇ ನಾನು ತಂಡದ ಮ್ಯಾನೇಜರನ್ನು ಹುಡುಕಿಕೊಂಡು ಹೋದೆ. ಹೆಸರು ಪೂರ್ತಿ ಬರೆಸಬೇಕು ಎಂದೆ. ಆತ ನನ್ನ ಸಿಟ್ಟಿಗೆ ನಕ್ಕ. ನಗುವವರ ಮೇಲೆ ನನಗೆ ಸಿಟ್ಟು ದುಪ್ಪಟ್ಟು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಏನಿದೆಯೋ ಅದೇ ಅಂಗಿಯ ಮೇಲೆ ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ನಿಯಮ ಎಂದು ನಾನೂ ಸುಮ್ಮನಾಗುತ್ತಿದ್ದೆ. ತಂಡದಲ್ಲಿ ಎಲ್ಲರೂ ಅದನ್ನು ಇಂಗ್ಲಿಷಿನಂತೆ ಓದಿ ಆಕೆಯನ್ನು ‘ಜೆಮ್ಮಾ’ ಎನ್ನುತ್ತಾರೆ, ಬಹಳ ಸ್ಮಾರ್ಟಾಗಿದೆ, ಟಿವಿಯವರಿಗೂ ಸುಲಭ, ಆ ಹಳೆಯ ಹೆಸರಿಗಿಂತ ಆಕೆಗೆ ಇದೇ ಒಳ್ಳೆಯದಲ್ಲವೇ, ಎಂದ.

ಹಳೆಯ ಹೆಸರು. ಆತ ಹೇಳದೆ ಬಿಟ್ಟದ್ದೂ ನನಗೆ ಕೇಳಿಸಿತು. ನಮ್ಮ ಕಡೆ ಯಾವ ಓಣಿಯವರು ಹುಲಿಗೆಮ್ಮ, ದುರುಗಮ್ಮ ಎಂದು ಹೆಸರಿಡುತ್ತಾರೆ, ಯಾವ ಓಣಿಯವರು ಇಡುವುದಿಲ್ಲ ಎಂಬುದು ಬಳ್ಳಾರಿಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಹೆಸರು ಶಿವಲೀಲಾ. ಅದನ್ನು ಯಾವ ಬ್ರೌಸಿಂಗ್ ಸೆಂಟರಿನವನೂ ‘ಶಿವ’ ಬೇರೆ ‘ಲೀಲಾ’ ಬೇರೆ ಮಾಡಲಿಲ್ಲ.

ಹುಡುಗಿ ಹಿಂದೆಯೇ ಬಂದು ನನ್ನ ತೋಳು ಹಿಡಿದಳು.

“ಹೋಗ್ಲಿ ಬಿಡ್ರಿ, ಮೇಡಂ. ಜೆಮ್ಮಾ ಅಂದ್ರ ಅನ್ಲಿ. ಆಡಾಕ ಬಿಡ್ತಾರಲ್ಲ.”

“ನಿಂಗ ಏನೂ ಅನ್ಸಂಗಿಲ್ಲೇನಲೇ?”

“ಸ್ಪೋರ್ಟ್ಸ್ ಹಾಸ್ಟೆಲ್ನಾಗ ಹುಲಿಗೆಮ್ಮ ಅಂದ್ರ ದೇವಿ ಬುಟ್ಟಿ ಹೊತ್ಕೊಂಡು ಬೇಡಾಕ ಬಂದ್ಯೇನು ಅಂತ ನಗ್ತಿದ್ರು. ಜೆಮ್ಮಾ ಅಂದ್ರ ಯಾರೂ ನಗಂಗಿಲ್ಲ.” ಹುಡುಗಿ ನೆಲ ನೋಡುತ್ತ ಅಂದಳು. “ಅವ್ವಗ ಹೇಳ್ಬ್ಯಾಡ್ರಿ.”

ಅವತ್ತು ನಾನು ಊಟ ಮಾಡಲಿಲ್ಲ. ಮೂಗಿನ ಮೇಲಿನ ಸಿಟ್ಟು ಇಳಿದು ಎದೆಯಲ್ಲಿ ಕೂತಿತ್ತು. ನಕ್ಕವರನ್ನು ಹಿಡಿದು ಮೈದಾನ ಸುತ್ತು ಹೊಡೆಸಬೇಕು ಅನ್ನಿಸಿತು. ಅವರು ಈಗ ಎಲ್ಲೆಲ್ಲಿ ಇದ್ದಾರೋ.

ಬಿಡುವಿನ ದಿನ

ಮರುದಿನ ಪಂದ್ಯ ಇರಲಿಲ್ಲ. ಬೆಳಿಗ್ಗೆ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ, ಅದರ ಮೇಲೆ ಸಾಸಿವೆಯಂಥ ಚಾಕಲೇಟ್ ಕಾಳು ಉದುರಿಸಿ ಕೊಟ್ಟಳು ಮರೈಕ. ಎಪ್ಪತ್ತರ ಮುದುಕಿ ಮಕ್ಕಳ ತಿಂಡಿ ತಿನ್ನುವುದನ್ನು ನೋಡುತ್ತ ಕೂತಿದ್ದೆ. ಆಗ ಕಕ್ಕಸಿನಿಂದ ದುರುಗಮ್ಮನ ದನಿ ಬಂತು. ನಾವಿಬ್ಬರೂ ಎದ್ದು ಓಡಿದೆವು.

ಆ ದೇಶದಲ್ಲಿ ಬಂಧು ಬಳಗದವರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರನ್ನು ಕಕ್ಕಸಿನ ಗೋಡೆಗೆ ತೂಗುಹಾಕುತ್ತಾರೆ. ದಿನಾ ತಪ್ಪದೆ ಕಣ್ಣಿಗೆ ಬೀಳುವ ಜಾಗ ಅದೊಂದೇ ಎಂಬುದು ಅವರ ಲೆಕ್ಕ. ಹಿಂದಿನ ದಿನ ಮರೈಕ ಹುಡುಗಿಯ ಹುಟ್ಟಿದ ದಿನ ಕೇಳಿದ್ದಳು. ಹೆಸರಿನ ಪೂರ್ತಿ ಅಕ್ಷರಗಳನ್ನು ನನ್ನಿಂದ ಬರೆಸಿಕೊಂಡಿದ್ದಳು. ಈಗ ಕ್ಯಾಲೆಂಡರಿನಲ್ಲಿ ಒಂದಕ್ಷರ ಬಿಡದೆ, ಒಡೆಯದೆ, ಚಂದದ ಅಕ್ಷರದಲ್ಲಿ ‘ಹುಲಿಗೆಮ್ಮ’ ಎಂದು ಇಂಗ್ಲಿಷಿನಲ್ಲಿ ಇತ್ತು, ಪಕ್ಕದಲ್ಲಿ ಒಂದು ಪುಟ್ಟ ಹುಲಿಯ ಚಿತ್ರ. ದುರುಗಮ್ಮ ಆ ಹುಲಿಯನ್ನು ನೋಡಿ ವಿಷಯ ಅರ್ಥ ಮಾಡಿಕೊಂಡಿದ್ದಳು.

“ಹುಲಿಗಿ ತಾಯಿ ಹೆಸರು ಪಾಯಿಖಾನ್ಯಾಗ ಬರದಾಳಲ್ಲರಿ ಈಕಿ.” ಆಕೆ ಆ ಪುಟ್ಟ ಹುಲಿಯನ್ನು ಬೆರಳಿಟ್ಟು ತೋರಿಸಿದಳು. “ಅಲ್ಲಿ ಅಂಗಿ ಮ್ಯಾಲೆ ಅರ್ಧ. ಇಲ್ಲಿ ಪೂರಾ ಬರದ್ರ ಅದು ಇಂಥಾ ಜಾಗದಾಗ. ಎಲ್ಲಿ ಹೋಗ್ಲಿ ನಾನು?”

ನಾನು ಮರೈಕಳಿಗೆ ಹರಕೆಯ ಕಥೆ ಹೇಳಿದೆ. ಅಂಗಿಯ ಮೇಲಿನ ಅರ್ಧ ಹೆಸರಿನದೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಯಾವಾಗ ಏರಿತೋ ತಿಳಿಯಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಮೊದಲ ಬಾರಿಗೆ ತಿರುಗಿ ನೋಡಿದ. ಮರೈಕಳ ಮುಖ ಕೆಂಪಾಯಿತು. ಒಳಗೆ ಹೋಗಿ, ಕ್ಯಾಲೆಂಡರ್ ಬಿಚ್ಚಿ ತಂದು, ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಆಮೇಲೆ ಕಪಾಟು ತೆರೆದು, ಬಿಸ್ಕತ್ತಿನ ಡಬ್ಬಿ ತಂದು, ಮುಚ್ಚಳ ತೆಗೆದು ದುರುಗಮ್ಮನ ಮಡಿಲಲ್ಲಿ ಇಟ್ಟಳು. ಮುಚ್ಚಳ ಆಕೆಯ ಕೈಯಲ್ಲೇ ಉಳಿಯಿತು.

ಸಂಜೆ ಆಕೆಯ ತಮ್ಮ ಬಂದರು. ಹಲ್ಲಿನ ಡಾಕ್ಟರು, ಹೆಸರು ಕೇಸ್. “ಇವರ ಮ್ಯಾಲೆ ಏನು ಕೇಸೈತ್ರಿ?” ಎಂದು ದುರುಗಮ್ಮ ಕಿವಿಯಲ್ಲಿ ಕೇಳಿದಳು. ಕೇಸು ಇದ್ದದ್ದು ನಿಜ: ಕ್ಲಬ್ಬಿನ ಮೈಕಿನಲ್ಲಿ ‘ಖ್ಖೆಮ್ಮಾ’ ಎಂದವರು ಇವರೇ. ಅಕ್ಕ ಅವರನ್ನು ಕಿವಿ ಹಿಂಡಿ ಕರೆಸಿದ್ದಳು. ಅವರು ನಮ್ಮ ಮುಂದೆ ಕೂತು, ಹೆಸರನ್ನು ಒಮ್ಮೆ ಹೇಳಿ ಎಂದರು. ಹೇಳಿದೆ. ಅವರ ಬಾಯಲ್ಲಿ ಮತ್ತೆ ಕಫ ಬಂತು. ಮತ್ತೆ ಹೇಳಿದೆ. ಮತ್ತೆ ಕಫ.

“ಬಾಯಿ ತೆರೆಯಿರಿ,” ಎಂದರು ಕೊನೆಗೆ. ಹಲ್ಲಿನ ಡಾಕ್ಟರಿಗೆ ತಿಳಿದ ದಾರಿ ಅದು. ನಾನು ಗಗ್ಗಗ್ಗ ಎನ್ನುತ್ತ ಬಾಯಿ ತೆರೆದು ಕೂತೆ, ಅವರು ಟಾರ್ಚ್ ಬಿಟ್ಟು ನನ್ನ ನಾಲಗೆ ಎಲ್ಲಿ ತಾಗುತ್ತದೆ ಎಂದು ನೋಡಿದರು. ಪರದೆಯಿಲ್ಲದ ಕಿಟಕಿಯ ಮುಂದೆ ಇದೆಲ್ಲ ನಡೆಯಿತು. ಒಂದು ಹಳೆಯ ಹಲ್ಲು ತೆಗೆಸಬೇಕು ಎಂದೂ ಹೇಳಿದರು. ಆದರೆ ಗಕಾರ ಮಾತ್ರ ಅವರಿಗೆ ದಕ್ಕಲಿಲ್ಲ.

ನನಗೆ ತಾಳ್ಮೆ ತಪ್ಪಿತು. ಹಾಕಿಯಲ್ಲಿ ಚೆಂಡು ಒಳಗೆ ಹೋದರೆ ನೀವು ಏನೆಂದು ಒದರುತ್ತೀರಿ ಎಂದು ಜೋರು ಮಾಡಿ ಕೇಳಿದೆ.

“ಗೋಲ್,” ಎಂದರು.

ಸ್ಪಷ್ಟವಾದ, ದುಂಡಾದ, ನಮ್ಮ ಊರಿನ ಗಕಾರ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪರಭಾಷೆಯಿಂದ ಬಂದ ಆ ಒಂದು ಮಾತಿನಲ್ಲಿ ಅವರ ಬಾಯಿಗೆ ಗಕಾರ ಬರುತ್ತಿತ್ತು. ಗೋಲಿನ ಗ, ಗೋಲಿನ ಗ ಎಂದು ಹೇಳಿಕೊಳ್ಳುತ್ತ ಅವರು ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡಿದರು. ರಾತ್ರಿ ಊಟದ ಹೊತ್ತಿಗೆ “ಹುಲಿ-ಗೆ-ಮ್ಮ” ಎನ್ನುವಷ್ಟು ಬಂದಿತ್ತು. ದುರುಗಮ್ಮ ಅವರಿಗೂ ಒಂದು ಚೂರು ಒಣಶುಂಠಿ ಕೊಟ್ಟಳು. ಅವರು ಮೂಸದೆ ಬಾಯಿಗೆ ಹಾಕಿಕೊಂಡರು.

ಕೊನೆಯ ಪಂದ್ಯ

ಆದರೆ ಕಲಿತ ಹೆಸರನ್ನು ಅವರು ಹೇಳುವುದು ಯಾವಾಗ? ಎಲ್ಲರ ಹೆಸರು ಓದುವುದು ಮೊದಲ ಪಂದ್ಯಕ್ಕೆ ಮಾತ್ರ, ಆಮೇಲಿನವಕ್ಕೆ ಮೊದಲು ಇಳಿಯುವ ಹನ್ನೊಂದು ಜನರದಷ್ಟೇ. ಹುಡುಗಿ ಬೆಂಚಿನ ಮೇಲಿದ್ದಳು. ಇನ್ನು ಆಕೆ ಗೋಲು ಹೊಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೈಕಿನ ಗೂಡಿನೊಳಗೆ ಕೂತ ಕೇಸ್ ಬಾಯಿ ಆಡಿಸುತ್ತಿದ್ದದ್ದು ನನಗೆ ದೂರದಿಂದ ಕಾಣುತ್ತಿತ್ತು.

ಮೂರನೆಯ ಕ್ವಾರ್ಟರಿನಲ್ಲಿ ಹುಡುಗಿಯನ್ನು ಇಳಿಸಿದರು. ನಾವು ಒಂದು ಗೋಲು ಹಿಂದಿದ್ದೆವು. ಚೆಂಡು ಸಿಕ್ಕಿದ್ದೇ ತಡ, ಮೆಣಸಿನಕಾಯಿ ರಾಶಿಗಳ ಸಂದಿಯಲ್ಲಿ ಹೋದಂತೆ ಇಬ್ಬರ ನಡುವೆ ನುಸುಳಿ, ಮೂರನೆಯವಳನ್ನು ತಿರುಗಿಸಿ, ಒಳಗೆ ಹೋದಳು. ದುರುಗಮ್ಮ ನನ್ನ ಮೊಣಕೈ ಹಿಡಿದಿದ್ದಳು. ಹುಡುಗಿ ಹೊಡೆದಳು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಆಮೇಲೆ ಇನ್ನೊಂದು ಅವಕಾಶ. ಅದನ್ನು ಅಂಪೈರಮ್ಮ ಸೀಟಿ ಊದಿ ತಪ್ಪೆಂದಳು. ಬೆಂಚಿನ ಕಡೆಯಿಂದ ಮ್ಯಾನೇಜರು ‘ಜೆಮ್ಮಾ, ಜೆಮ್ಮಾ’ ಎಂದು ಕೂಗುತ್ತಿದ್ದ. ಸೀಟಿ ಊದಿದ ಮೇಲೆ ಹುಡುಗಿ ಸಿಟ್ಟಿನಿಂದ ಚೆಂಡನ್ನು ಬೀಸಿ ಆ ಕಡೆಯ ಜಾಹೀರಾತಿನ ಹಲಗೆಗೆ ಹೊಡೆದಳು. ತಪ್ಪು ಆಕೆಯದೇ, ಅದರಲ್ಲಿ ಎರಡು ಮಾತಿಲ್ಲ. ಸಿಟ್ಟಿನ ಟೀಚರಿನ ಕೈಯಲ್ಲಿ ಕಲಿತ ಹುಡುಗಿ. ಅಂಪೈರಮ್ಮ ಹಸಿರು ಕಾರ್ಡ್ ಎತ್ತಿದಳು. ಎರಡು ನಿಮಿಷ ಹೊರಗೆ ಕೂರಬೇಕು ಎಂದು ಅದರ ಅರ್ಥ.

ಗೂಡಿನಲ್ಲಿ ಕೇಸ್ ಎದ್ದು ನಿಂತರು. ಕಾರ್ಡ್ ತೋರಿಸಿದರೆ ಯಾರಿಗೆ ಎಂದು ಮೈಕಿನಲ್ಲಿ ಹೇಳಬೇಕು. ಅದನ್ನು ನಾವು ಯಾರೂ ಯೋಚಿಸಿಯೇ ಇರಲಿಲ್ಲ.

“ಹಸಿರು ಕಾರ್ಡ್, ಭಾರತ,” ಎಂದರು ಮೊದಲು ತಮ್ಮ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಒಂದು ಉಸಿರು ತೆಗೆದುಕೊಂಡರು. ಆಮೇಲೆ ಇಡೀ ಊರಿಗೆ ಕೇಳುವಂತೆ, ಗೋಲಿನ ಗಕಾರ ಹಾಕಿ, ಒಂದಕ್ಷರ ಒಡೆಯದೆ: “ಹುಲಿಗೆಮ್ಮ.”

ದುರುಗಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

“ಮೇಡಂ, ಕೇಳಿದ್ರೇನು? ಪೂರಾ ಅಂದ. ಪೂರಾ ಅಂದ್ರಿ ಅವ.”

ಆಕೆಯ ಮಗಳಿಗೆ ಶಿಕ್ಷೆಯಾಗಿತ್ತು, ತಂಡಕ್ಕೆ ಒಬ್ಬಳು ಕಡಿಮೆಯಾಗಿದ್ದಳು, ಆಕೆ ಚಪ್ಪಾಳೆ ತಟ್ಟುತ್ತಿದ್ದಳು. ಮ್ಯಾನೇಜರು ತಿರುಗಿ ನಮ್ಮನ್ನು ಸುಡುವಂತೆ ನೋಡಿದ. ಮರೈಕಳೂ ಎದ್ದು ತಟ್ಟಿದಳು. ಇದು ಭಾರತದವರ ಪದ್ಧತಿ ಇರಬೇಕು ಎಂದುಕೊಂಡರೋ ಏನೋ, ನಮ್ಮ ಹಿಂದೆ ಕೂತವರೂ ತಟ್ಟಿದರು. ನಾನು ತಟ್ಟಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಹುಡುಗಿ ಕುರ್ಚಿಯ ಕಡೆ ನಡೆಯುತ್ತಿದ್ದವಳು ನಿಂತಿದ್ದಳು. ಮೈಕಿನ ಗೂಡಿನ ಕಡೆ ನೋಡಿದಳು, ಆಮೇಲೆ ತಾಯಿಯ ಕಡೆ. ಕುರ್ಚಿಯ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅಷ್ಟು ದೂರದಿಂದ ತಿಳಿಯಲಿಲ್ಲ.

ಪಂದ್ಯ ಸೋತೆವು. ಮುಗಿದ ಮೇಲೆ ಹುಡುಗಿ ಬೇಲಿಯ ಹತ್ತಿರ ಬಂದಳು. ಬೈಯಬೇಕೆಂದು ನಾನು ಬಾಯಿ ತೆರೆದೆ.

“ಮೇಡಂ,” ಎಂದಳು ನನ್ನನ್ನು ತಡೆದು, “ಆ ಅಜ್ಜ ಇನ್ನೊಂದ್ಸಲ ಅಂತಾರೇನು ಕೇಳ್ರಿ.”

ಕೇಸ್ ಮೈಕಿಲ್ಲದೆ, ಎದುರು ನಿಂತು, ಇನ್ನೊಂದು ಸಲ ಅಂದರು. ಯಾರೂ ನಗಲಿಲ್ಲ.

ಸಿರುಗುಪ್ಪ

ಪ್ರವಾಸ ಕಥನ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲು ನಮ್ಮವರು ಬಿಡಬೇಕಲ್ಲ.

ಹುಡುಗಿಯೂ ಸೇರಿ ಮೂವರೂ ಬಳ್ಳಾರಿಗೆ ಬಂದು ಇಳಿದಾಗ ಪಾರ್ವತಿನಗರದ ತಿರುವಿನಲ್ಲಿ ಒಂದು ಆಳೆತ್ತರದ ಫ್ಲೆಕ್ಸು. ಒಂದು ಡಜನ್ ದೊಡ್ಡವರ ದೊಡ್ಡ ಮುಖಗಳು, ಮೂಲೆಯಲ್ಲಿ ಅಂಚೆಚೀಟಿಯಷ್ಟು ನಮ್ಮ ಹುಡುಗಿ. ಕೆಳಗೆ ಅಚ್ಚ ಕನ್ನಡ ಅಕ್ಷರದಲ್ಲಿ: ‘ನಮ್ಮ ಹೆಮ್ಮೆಯ ಕುಮಾರಿ ಜೆಮ್ಮಾ ಅವರಿಗೆ ಹಾರ್ದಿಕ ಸ್ವಾಗತ’. ಪರದೇಶದ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಟಾರ್ಚ್ ಬಿಟ್ಟು ಕಲಿತ ಹೆಸರನ್ನು ನಮ್ಮವರು ನಮ್ಮದೇ ಲಿಪಿಯಲ್ಲಿ ಕೊಂದಿದ್ದರು. ಹೆಮ್ಮೆಗೂ ಜೆಮ್ಮಾಗೂ ಪ್ರಾಸ ಕೂಡಿತು ಎಂದು ಬರೆದವನು ಖುಷಿಪಟ್ಟಿರಬೇಕು. ನಾನು ಆಟೋ ನಿಲ್ಲಿಸಿ ಇಳಿಯಲು ಹೋದೆ. ಹುಡುಗಿ ಬೇಡ ಎಂದು ನನ್ನ ಸೆರಗು ಹಿಡಿದಳು. ‘ಹೋಗ್ಲಿ ಬಿಡ್ರಿ’ ಎಂಬ ಅದೇ ಹಳೆಯ ಮಾತು ಬರುತ್ತದೆ ಎಂದುಕೊಂಡೆ. ಆಕೆ ಫ್ಲೆಕ್ಸನ್ನು ಒಮ್ಮೆ ಓದಿದಳು, ಅಷ್ಟೇ.

ಸಿರುಗುಪ್ಪದ ಸನ್ಮಾನಕ್ಕೆ ಮಿಲ್ಲಿನ ಹೆಂಗಸರೆಲ್ಲ ಬಂದಿದ್ದರು, ತಲೆಯ ಮೇಲೆ ತೌಡಿನ ಪುಡಿ ಹಾಗೇ ಇತ್ತು. ದುರುಗಮ್ಮ ಅವರ ನಡುವೆ ಕೂತಳು. ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವವರ ಸಾಲು ಮುಗಿದು, ಭಾಷಣಗಳು ಮುಗಿದು, ಕೊನೆಗೆ ನಿರೂಪಕ ದನಿ ಏರಿಸಿದ.

“ಈಗ, ನಾಡಿನ ಕೀರ್ತಿ ಹೆಚ್ಚಿಸಿದ ಕುಮಾರಿ ಜೆಮ್ಮಾ ಅವರು ವೇದಿಕೆಗೆ ಬರಬೇಕು.”

ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಅಲುಗಲಿಲ್ಲ. ಕೇಳಿಸಲಿಲ್ಲ ಎಂದುಕೊಂಡು ನಿರೂಪಕ ಇನ್ನೊಮ್ಮೆ ಕರೆದ. ಹುಡುಗಿ ಮಂಡಿಯ ಮೇಲೆ ಕೈಯಿಟ್ಟು ಎದುರು ನೋಡುತ್ತ ಕೂತೇ ಇದ್ದಳು. ಚಪ್ಪಾಳೆ ಸಣ್ಣಗಾಗಿ ನಿಂತಿತು. ವೇದಿಕೆಯ ಮೇಲಿನ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ನಿರೂಪಕ ಮೈಕ್ ಹಿಡಿದೇ ಕೆಳಗೆ ಇಳಿದು ಬಂದ.

“ಏನಮ್ಮ ಜೆಮ್ಮಾ, ಬಾರಮ್ಮ. ಎಲ್ಲಾರೂ ಕಾಯಾಕತ್ಯಾರ.”

“ಆ ಹೆಸರಿನವರು ಯಾರೂ ಬಂದಿಲ್ರಿ ಇಲ್ಲಿ.”

ಮೈಕ್ ಅವನ ಕೈಯಲ್ಲೇ ಇತ್ತು, ಮಾತು ಎಲ್ಲರಿಗೂ ಕೇಳಿಸಿತು. ಅವನು ತಬ್ಬಿಬ್ಬಾಗಿ ಹಿಂದಿನ ಬ್ಯಾನರಿನ ಕಡೆ ಕೈ ತೋರಿಸಿದ.

“ಅಲ್ಲಿ ಹಂಗ ಬರದೈತಲ್ಲಮ್ಮ.”

“ಬರದವರು ನನ್ನ ಕೇಳಿಲ್ರಿ.”

ನನ್ನ ಬಾಯಿಗೆ ಎಷ್ಟು ಮಾತು ಬಂದಿದ್ದವೋ ಎಲ್ಲವನ್ನೂ ನುಂಗಿದೆ. ಅಲ್ಲಿ ನನ್ನ ಸಿಟ್ಟಿನ ಅವಶ್ಯಕತೆ ಇರಲಿಲ್ಲ. ಹೆಂಗಸರ ಗುಂಪಿನಲ್ಲಿ ಯಾರೋ ‘ಆಕಿ ಹೆಸರು ಏನೈತೋ ಅದನ್ನ ಕರಿಯಪಾ’ ಎಂದರು. ನಿರೂಪಕ ಮತ್ತೆ ವೇದಿಕೆ ಹತ್ತಿ, ಕೊರಳು ಸರಿಮಾಡಿಕೊಂಡ.

“ಕುಮಾರಿ ಹುಲಿಗೆಮ್ಮ ಅವರು,” ಎಂದ.

ಹುಡುಗಿ ಹಿಂದಕ್ಕೆ ತಿರುಗಿ ತಾಯಿಯನ್ನು ನೋಡಿದಳು. ಆಮೇಲೆ ಎದ್ದಳು.